ಚಲಚ್ಚಿತ್ರದಲ್ಲಿ ಅದ್ಭುತ-ಭಯಾನಕಗಳ ನಿರ್ಮಾಣ

ನಾಟಕವನ್ನಾಗಲಿ ಚಲಚ್ಚಿತ್ರವನ್ನಾಗಲಿ ನೋಡಿ ಮನೆಗೆ ಹಿಂದಿರುಗುವವರ ಮನಸ್ಸಿನಲ್ಲಿ ಎರಡು ವಿಧದ ಪ್ರಶ್ನೆಗಳು ಏಳುತ್ತವೆ. ಕಥೆ ಹೇಗಿತ್ತು, ನಟರು ಹೇಗೆ ಅಭಿನಯಿಸಿದರು ಎಂಬುದು ಒಂದು. ಆ ಮನುಷ್ಯನು ಅಷ್ಟು ಎತ್ತರದಿಂದ ಹೇಗೆ ಬಿದ್ದನು, ಆ ಬೆಂಕಿಯನ್ನು ಹೇಗೆ ಹೊತ್ತಿಸಿದರು, ಒಬ್ಬನೇ ನಟನು ಇಬ್ಬರಾಗಿ ಹೇಗೆ ಕಾಣಿಸಿಕೊಂಡನು ಎಂಬುದು ಇನ್ನೊಂದು. ಎರಡನೆಯದನ್ನು ಮಕ್ಕಳ ಕುತೂಹಲವೆಂದು ವಿಮರ್ಶಕರು ಬದಿಗೊತ್ತುವುದುಂಟು. ಆದರೆ ಅದು ಅಷ್ಟು ಹಗುರವಾದ ಪ್ರಶ್ನೆಯಲ್ಲ. ಸಾಹಸದ ಚಿತ್ರ, ಭೀತಿಯ ಚಿತ್ರ, ಬರೆದ ಬೊಂಬೆಗಳು ಜೀವ ತಳೆದು ನಡೆದಾಡುವ ಅನಿಮೇಷನ್ ಚಿತ್ರ, ಈ ಮೂರರಲ್ಲಿಯೂ ತೆರೆಯ ಹಿಂದಣ ಕೆಲಸವನ್ನು ಅರಿತ ಹೊರತು ತೆರೆಯ ಮೇಲಣ ಕಲೆಗೆ ಬೆಲೆ ಕಟ್ಟುವುದು ಸಾಧ್ಯವಿಲ್ಲ. ಏಕೆಂದರೆ ಆ ಕಲೆಗಾಗಿ ತೆತ್ತ ಬೆಲೆಯೂ ತೆರೆಯ ಹಿಂದೆಯೇ ಅಡಗಿರುತ್ತದೆ.

ಈ ವಿಷಯದಲ್ಲಿ ಪ್ರಾಚೀನರು ಮೌನವಾಗಿರಲಿಲ್ಲ. ಭರತನ ನಾಟ್ಯಶಾಸ್ತ್ರವು ರೌದ್ರ, ಭಯಾನಕ, ಅದ್ಭುತಗಳನ್ನು ರಸಗಳಲ್ಲಿ ಎಣಿಸಿತು. ಕಾಳಗವನ್ನು ಅಭಿನಯಿಸುವವನ ನಿಲುವು, ನಡೆ, ಆಯುಧವನ್ನು ಹಿಡಿಯುವ ಬಗೆಗಳನ್ನು ವಿಸ್ತಾರವಾಗಿ ವಿವರಿಸಿತು. ಅದರೊಡನೆಯೇ ಒಂದು ಗೆರೆಯನ್ನೂ ಎಳೆಯಿತು. ರಂಗದ ಮೇಲೆ ನಿಜವಾದ ಇರಿತವಾಗಲಿ ರಕ್ತಪಾತವಾಗಲಿ ಸಲ್ಲದು. ಏಟೆಂಬುದು ಅಭಿನಯದಿಂದಲೇ ತೋರತಕ್ಕದ್ದು. ವೇಷಭೂಷಣಗಳ ಮಾತು ಬಂದಾಗಲೂ ಅದೇ ದೃಷ್ಟಿಯೇ ಕಾಣುತ್ತದೆ. ಒಡವೆಗಳು ಹಗುರವಾಗಿರಬೇಕು, ಭಾರವಾದರೆ ನಟನು ಬಳಲಿ ಮೂರ್ಛೆ ಹೋದಾನು ಎಂಬ ಎಚ್ಚರಿಕೆ ಅಲ್ಲಿದೆ. ರಸದ ವಿವೇಕವೂ ನಟನ ಮೇಲಣ ಕರುಣೆಯೂ ಈ ಶಾಸ್ತ್ರದಲ್ಲಿ ಬೇರೆ ಬೇರೆಯಾಗಿಲ್ಲ. ಯಾವುದು ನಟನನ್ನು ಕಾಯುವುದೋ ಅದೇ ರಸವನ್ನೂ ಕಾಯುತ್ತದೆ.

ರಾಮಸಮುದ್ರದ ಸುತ್ತಣ ಸೀಮೆಯ ವಾಚಕರಿಗೆ ಇದನ್ನು ಗ್ರಂಥ ನೋಡಿಯೇ ತಿಳಿಯಬೇಕೆಂಬುದಿಲ್ಲ. ಬಯಲಾಟವನ್ನು ಕಂಡವರಿಗೆ ಇದು ಕಣ್ಣೆದುರಿನ ಸಂಗತಿ. ದೊಡ್ಡಾಟದ ಅಟ್ಟದ ಮೇಲೆ ಕಿರೀಟ ಭುಜಕೀರ್ತಿಗಳ ವೀರರಿಬ್ಬರು ಎದುರಾದಾಗ ಕಾಳಗವೆಲ್ಲ ಮದ್ದಳೆಯ ಪೆಟ್ಟಿನಲ್ಲಿ, ಹಲಗೆಯನ್ನು ನಡುಗಿಸುವ ಹೆಜ್ಜೆಯಲ್ಲಿ, ಏರುತ್ತ ಹೋಗುವ ಮಾತಿನಲ್ಲಿ ನಡೆಯುತ್ತದೆ. ಕತ್ತಿಯು ಮೈಯನ್ನು ಮುಟ್ಟುವುದಿಲ್ಲ. ಆದರೂ ರಾಕ್ಷಸನು ಬಿದ್ದಾಗ ನೆರೆದ ಜನ ಉಸಿರು ಹಿಡಿಯುತ್ತಾರೆ. ಬೆಳಗಾದ ಮೇಲೆ ಸತ್ತ ರಾಕ್ಷಸನು ಬಣ್ಣ ತೊಳೆದುಕೊಂಡು ಹೊಲದ ಕೆಲಸಕ್ಕೆ ಹೋಗುತ್ತಾನೆ.

ವೃತ್ತಿನಾಟಕ ಕಂಪನಿಗಳ ಕಾಲದಲ್ಲಿ ಅಭಿರುಚಿ ಬೇರೊಂದು ದಿಕ್ಕಿಗೆ ತಿರುಗಿತು. ೧೯೩೪ರಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯು ‘ಕುರುಕ್ಷೇತ್ರ’ವನ್ನು ಆಡಿದಾಗ ನಿಜವಾದ ಆನೆ ಕುದುರೆಗಳು ರಂಗವನ್ನೇರಿದವು. ಜನರು ಮೆಚ್ಚಿದುದು ಸಹಜವೇ ಸರಿ. ಅಂತಹ ಏರ್ಪಾಡಿಗೆ ಬೇಕಾದ ಧೈರ್ಯವೂ ಶಿಸ್ತೂ ಸಾಮಾನ್ಯವಲ್ಲ. ಆದರೆ ಪ್ರೇಕ್ಷಕನು ಬೆರಗಾದುದು ಕುರುಕ್ಷೇತ್ರವನ್ನು ಕಂಡೋ, ಆನೆಯನ್ನು ಕಂಡೋ ಎಂಬ ಪ್ರಶ್ನೆ ಉಳಿಯುತ್ತದೆ. ಅದೇ ವರ್ಷದ ಮಾರ್ಚ್ ೩ರಂದು ಬೆಂಗಳೂರಿನಲ್ಲಿ ತೆರೆಕಂಡ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ವೈ. ವಿ. ರಾವ್ ನಿರ್ದೇಶಿಸಿದ, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದ ಆ ಚಿತ್ರವನ್ನು ತೆಗೆದುದು ದೂರದ ಕೊಲ್ಹಾಪುರದಲ್ಲಿ. ಮಾಯಾಯುದ್ಧದಲ್ಲಿ ನಿಪುಣನಾದ ಇಂದ್ರಜಿತುವಿನ ಮಡದಿಯ ಕಥೆಯಿಂದಲೇ ಕನ್ನಡದ ಮಾತಿನ ಚಿತ್ರ ಆರಂಭವಾಯಿತೆಂಬುದು ಸ್ವಾರಸ್ಯದ ಸಂಗತಿ. ಅದರ ಒಂದು ಪ್ರತಿಯೂ ಉಳಿಯದಿರುವುದು ದುರ್ದೈವ.

ಚಲಚ್ಚಿತ್ರದ ನಿಜವಾದ ಮಾಯೆ ಆನೆಯಲ್ಲಿಲ್ಲ, ಕ್ಯಾಮೆರಾದ ಉಪಾಯದಲ್ಲಿದೆ. ಹುಣಸೂರು ಕೃಷ್ಣಮೂರ್ತಿಯವರ ‘ಬಭ್ರುವಾಹನ’ (೧೯೭೭) ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಅರ್ಜುನನೂ ರಾಜಕುಮಾರ್, ಅವನ ಮಗನೂ ರಾಜಕುಮಾರ್. ಇಂತಹ ದ್ವಿಪಾತ್ರವನ್ನು ಒಂದೇ ಚೌಕಟ್ಟಿನಲ್ಲಿ ತೋರಿಸುವುದಕ್ಕೆ ಗಣಕಯಂತ್ರಗಳಿಲ್ಲದ ಕಾಲದಲ್ಲಿ ರೂಢಿಯಲ್ಲಿದ್ದ ಕ್ರಮವೊಂದುಂಟು. ಕ್ಯಾಮೆರಾವನ್ನು ಕೂದಲೆಳೆಯಷ್ಟೂ ಅಲುಗದಂತೆ ನಿಲ್ಲಿಸಿ, ಚೌಕಟ್ಟಿನ ಅರ್ಧವನ್ನು ಮುಚ್ಚಿ ಒಂದು ಪಾತ್ರವನ್ನು ಚಿತ್ರೀಕರಿಸುವುದು. ಅನಂತರ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧವನ್ನು ಮುಚ್ಚಿ, ಅದೇ ನಟನನ್ನು ಬೇರೆ ವೇಷದಲ್ಲಿ ಎದುರು ಬದಿಗೆ ನಿಲ್ಲಿಸುವುದು. ಎದುರಿಗೆ ಯಾರೂ ಇಲ್ಲದ ಬರಿಯ ಗಾಳಿಯನ್ನು ನೋಡುತ್ತ ನಟನು ಕೋಪಗೊಳ್ಳಬೇಕು, ಕ್ಷಣವೆಣಿಸಿ ಉತ್ತರಿಸಬೇಕು. ಯಂತ್ರವು ಅರ್ಧ ಚೌಕಟ್ಟನ್ನು ಮಾತ್ರ ಕೊಡುತ್ತದೆ. ತಂದೆಯ ದರ್ಪವನ್ನೂ ಮಗನ ನೊಂದ ಅಭಿಮಾನವನ್ನೂ ಬೇರ್ಪಡಿಸಿ ನಿಲ್ಲಿಸುವುದು ಅಭಿನಯವೇ. ಪ್ರೇಕ್ಷಕನು ಉಪಾಯವನ್ನು ಮರೆತು ತಂದೆ ಮಕ್ಕಳ ವಾಗ್ವಾದದಲ್ಲಿ ಮುಳುಗುವುದು ಆದುದರಿಂದಲೇ.

ಭಯಾನಕದ ವಿಷಯದಲ್ಲಿ ಈ ತತ್ತ್ವ ಇನ್ನೂ ಸ್ಪಷ್ಟವಾಗುತ್ತದೆ. ಹಿಚ್‌ಕಾಕನ ‘ಸೈಕೋ’ (೧೯೬೦) ಚಿತ್ರದ ಸ್ನಾನಗೃಹದ ಕೊಲೆಯು ತೆರೆಯ ಮೇಲೆ ಒಂದು ನಿಮಿಷವೂ ಇಲ್ಲ; ಅದನ್ನು ತೆಗೆಯುವುದಕ್ಕೆ ಏಳು ದಿನಗಳು ಬೇಕಾದವು. ಹರಿದ ರಕ್ತ ಚಾಕೊಲೇಟಿನ ಪಾಕ. ಚಿತ್ರ ಕಪ್ಪುಬಿಳುಪಿನದಾದುದರಿಂದ ಬಣ್ಣದ ಚಿಂತೆ ಇರಲಿಲ್ಲ. ಚೂರಿ, ಕೈ, ನೀರು, ಬಾಯಿ ಎಂಬ ತುಣುಕುಗಳು ಒಂದರ ಮೇಲೊಂದು ಬೀಳುತ್ತವೆ. ಇರಿತವನ್ನು ಕಂಡೆನೆಂದು ನೋಡುವವನ ಮನಸ್ಸೇ ಪೂರೈಸಿಕೊಳ್ಳುತ್ತದೆ. ಸ್ಪೀಲ್‌ಬರ್ಗನ ‘ಜಾಸ್’ (೧೯೭೫) ಚಿತ್ರಕ್ಕೆಂದು ಕಟ್ಟಿದ ಯಂತ್ರದ ಶಾರ್ಕ್ ಮೀನು ಸಮುದ್ರದ ನೀರಿನಲ್ಲಿ ಪದೇ ಪದೇ ಕೆಟ್ಟಿತು. ಆಗ ನಿರ್ದೇಶಕನು ಮೀನನ್ನು ಬಹುಪಾಲು ಮರೆಯಲ್ಲಿಟ್ಟು ಅಲೆಯಿಂದಲೂ ಸಂಗೀತದಿಂದಲೂ ಅದರ ಬರವನ್ನು ಸೂಚಿಸಿದನು. ಕೆಟ್ಟ ಯಂತ್ರವೇ ಚಿತ್ರಕ್ಕೆ ಉಪಕಾರ ಮಾಡಿತು. ಕನ್ನಡದಲ್ಲಿ ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ (೨೦೦೪) ಹೆದರಿಸುವುದು ಬೀಗ ಹಾಕಿದ ಕೋಣೆಯಿಂದ, ಗೆಜ್ಜೆಯ ಸದ್ದಿನಿಂದ. ಕೊನೆಗೆ ನಟಿ ಸೌಂದರ್ಯರ ಕಣ್ಣುಗಳಿಂದ. ಅಲ್ಲಿ ದೆವ್ವವೆಂಬುದು ನೊಂದ ಮನಸ್ಸಿನ ಇನ್ನೊಂದು ಹೆಸರು. ಭಯವನ್ನು ಹುಟ್ಟಿಸುವುದಕ್ಕೆ ಯಾರ ಮೈಗೂ ಗಾಯವಾಗಬೇಕಿಲ್ಲ.

ಅನಿಮೇಷನ್ ಚಿತ್ರದಲ್ಲಂತೂ ಗಾಯಗೊಳ್ಳುವ ಮೈಯೇ ಇಲ್ಲ. ಕನ್ನಡನಾಡಿಗೆ ಇದು ಪರಕೀಯವಾದ ಕಲೆಯಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತರು ಚರ್ಮವನ್ನು ಹದಮಾಡಿ, ಕತ್ತರಿಸಿ, ಬಣ್ಣ ತುಂಬಿ, ದೀಪದ ಮುಂದೆ ಹಿಡಿದು ಬಿಳಿಯ ಪರದೆಯ ಮೇಲೆ ರಾವಣನನ್ನು ನಡೆಸಿದವರು. ಜರ್ಮನಿಯ ಲೋಟೆ ರೈನಿಗರ್ ಎಂಬಾಕೆ ಕಪ್ಪು ಕಾಗದದ ನೆರಳುಗೊಂಬೆಗಳಿಂದ ೧೯೨೬ರಲ್ಲಿ ರಾಜಕುಮಾರ ಅಹ್ಮದನ ಕಥೆಯನ್ನು ಪೂರ್ಣ ಪ್ರಮಾಣದ ಚಿತ್ರವಾಗಿಸಿದಳು. ಇಬ್ಬರ ಕೆಲಸವೂ ಒಂದೇ ಕುಲದ್ದು. ತೆರೆಯ ಮೇಲೆ ಒಂದು ಸೆಕೆಂಡಿಗೆ ೨೪ ಚಿತ್ರಗಳು ಹಾಯಬೇಕೆಂದರೆ ಒಂದು ನಿಮಿಷಕ್ಕೆ ೧,೪೪೦ ಆದವು. ೨೦೨೫ರಲ್ಲಿ ಕನ್ನಡದಲ್ಲಿಯೂ ತೆರೆಕಂಡ ‘ಮಹಾವತಾರ ನರಸಿಂಹ’ದಲ್ಲಿ ಹಿರಣ್ಯಕಶಿಪುವಿನ ವಧೆಯನ್ನು ಕಂಡು ಮಕ್ಕಳು ಬೆಚ್ಚಿರಬಹುದು, ಆ ಉಗುರುಗಳ ಹಿಂದಿದ್ದುದು ಚಿತ್ರಕಾರರ ತಾಳ್ಮೆಯೇ ಹೊರತು ಯಾರೊಬ್ಬರ ಪ್ರಾಣಸಂಕಟವಲ್ಲ.

ಇಷ್ಟೆಲ್ಲ ಉಪಾಯಗಳು ಕೈಯಲ್ಲಿದ್ದೂ ನಿಜವಾದ ಅಪಾಯವನ್ನು ಬೆನ್ನಟ್ಟುವ ಚಾಳಿ ನಿಂತಿಲ್ಲ. ೧೯೮೯ರ ಫೆಬ್ರವರಿ ೮ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನನ್ನು ಕುರಿತ ದೂರದರ್ಶನ ಧಾರಾವಾಹಿಯ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಹೊತ್ತಿ ೬೨ ಮಂದಿ ಮಡಿದರು. ೨೦೧೬ರ ನವೆಂಬರ್ ೭ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ಅನಿಲ್, ಉದಯ್ ಎಂಬ ನಟರಿಬ್ಬರು ಮೇಲಕ್ಕೆ ಬರಲಿಲ್ಲ. ಮೊದಲನೆಯದು ಆಕಸ್ಮಿಕವಾದ ಬೆಂಕಿ, ಎರಡನೆಯದು ತಿಳಿದೂ ಕೈಗೊಂಡ ಸಾಹಸ; ಎರಡರಲ್ಲಿಯೂ ಬಣ್ಣ ತೊಳೆದು ಮನೆಗೆ ಹೋಗಬೇಕಾಗಿದ್ದವರು ಹೋಗಲಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಅಪಾಯವಿಲ್ಲದ ಸಾಹಸ ಸಪ್ಪೆ. ಗಣಕಯಂತ್ರದಲ್ಲಿ ಹೆಣೆದ ಕಾಳಗಕ್ಕೆ ತೂಕವಿರುವುದಿಲ್ಲ. ಜನರಿಗೆ ನಿಜವೇ ಬೇಕು ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೈಗೆ ಮೈ ತಾಗದ, ನೆಲಕ್ಕೆ ಕಾಲೂರದ ಯಂತ್ರದ ಯುದ್ಧಗಳು ಬೇಸರ ತರುವುದು ಹೌದು. ಆದರೆ ಆ ದೋಷ ಅಪಾಯದ ಕೊರತೆಯದಲ್ಲ, ಭಾವದ ಕೊರತೆಯದು. ಯಾರು ಯಾರೊಡನೆ ಏತಕ್ಕಾಗಿ ಹೋರಾಡುತ್ತಾರೆಂಬುದು ಮನಮುಟ್ಟಿದರೆ ಮರದ ಕತ್ತಿಯೂ ಸಾಕಾಗುತ್ತದೆ. ಅದು ಮುಟ್ಟದಿದ್ದರೆ ಹೆಲಿಕಾಪ್ಟರಿನಿಂದ ಹಾರಿದರೂ ಉಳಿಯುವುದು ಸರ್ಕಸ್ಸಿನ ರೋಮಾಂಚನ ಮಾತ್ರ. ಅಲ್ಲದೆ, ನಟನು ನಿಜವಾಗಿ ಸಾಯಬಹುದೆಂದು ತಿಳಿದ ಕ್ಷಣದಲ್ಲಿ ಪ್ರೇಕ್ಷಕನ ಭಯ ರಸವಾಗಿ ಉಳಿಯುವುದಿಲ್ಲ. ಅದು ಲೌಕಿಕವಾದ ಗಾಬರಿಯಾಗುತ್ತದೆ. ಆ ಗಾಬರಿಯನ್ನು ಸವಿಯುವುದು ಸಹೃದಯತೆಯಲ್ಲ.

ತೆರೆಯ ಹಿಂದಣ ಸಂಗತಿಗಳನ್ನು ತಿಳಿಯುವ ಕುತೂಹಲಕ್ಕೆ ಇಲ್ಲಿಯೇ ಸಾರ್ಥಕತೆ. ‘ಡೂಪ್ ಇಲ್ಲದೆ ಮಾಡಿದರಂತೆ’ ಎಂಬುದು ಇಂದು ಪ್ರಚಾರದ ಮಾತಾಗಿದೆ. ಅದನ್ನು ಕೇಳಿ ಚಪ್ಪಾಳೆ ತಟ್ಟುವ ಪ್ರೇಕ್ಷಕನೂ ಮುಂದಿನ ಅಪಾಯಕ್ಕೆ ಒಂದು ಪಾಲು ಹೊಣೆಗಾರನೇ. ಎಷ್ಟು ಚೆನ್ನಾಗಿ ಬಿದ್ದರು ಎಂಬುದರ ಜೊತೆಗೆ, ಬಿದ್ದವನನ್ನು ಹಿಡಿಯುವುದಕ್ಕೆ ಕೆಳಗೆ ಏನಿತ್ತು ಎಂದೂ ಮನೆಮನೆಯಲ್ಲಿ ಕೇಳುವಂತಾದರೆ ಚಿತ್ರ ತೆಗೆಯುವವರೂ ಅದಕ್ಕೆ ಉತ್ತರವನ್ನು ಸಿದ್ಧಪಡಿಸಿಕೊಂಡಾರು. ಬಯಲಾಟದ ರಾಕ್ಷಸನಿಗೆ ದೊರೆಯುವ ಬೆಳಗು ಚಲಚ್ಚಿತ್ರದ ಸಾಹಸಿಗೂ ದೊರೆಯುವುದು ನ್ಯಾಯ.