ತಲೆಯ ಬೆಲೆ ಮತ್ತು ನದಿಯ ಅಣೆಕಟ್ಟು: ‘ಸ್ಟ್ರೇಂಜರ್ಸ್ ರಾತ್’ ಎಂಬ ವಿಡಿಯೊ ಆಟದ ವಿಮರ್ಶೆ

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ವಿಡಿಯೊ ಆಟವೊಂದರ ವಿಮರ್ಶೆಗೆ ಎಡೆಯುಂಟೇ ಎಂಬ ಆಕ್ಷೇಪ ಸಹಜವಾದುದೇ. ಶಾಸನ, ಕಡತ, ಪ್ರವಾಸಿಗಳ ಬರಹ ಇವು ನಮ್ಮ ಆಕರಗಳು. ಆಟವಾದರೋ ವಿರಾಮಕಾಲದ ವಿನೋದ. ಆದರೆ ಜನರು ಗತಕಾಲವನ್ನು ಕುರಿತು ಏನನ್ನು ನಂಬಿದ್ದಾರೆಂಬುದು ಅವರು ಓದುವ ಗ್ರಂಥಗಳಿಗಿಂತ ಅವರು ಮೆಚ್ಚುವ ಆಟಗಳಿಂದ ಎಷ್ಟೋ ವೇಳೆ ಸ್ಪಷ್ಟವಾಗುತ್ತದೆ. ನಮ್ಮ ಕರಾವಳಿಯ ಹಿರಿಯರು ಭಾರತದ ಕಥೆಯನ್ನು ಬಹುಮಟ್ಟಿಗೆ ಅರಿತುಕೊಂಡದ್ದು ಯಕ್ಷಗಾನದ ರಂಗಸ್ಥಳದ ಮುಂದೆ ಕುಳಿತು. ಭಟ್ಕಳ, ಹೊನ್ನಾವರ, ಕುಮಟಾಗಳ ಇಂದಿನ ವಿದ್ಯಾರ್ಥಿಯ ಕೈಯಲ್ಲಿ ಮೊಬೈಲ್ ಇದೆ. ಅದರಲ್ಲಿ ಯುದ್ಧವಿದೆ, ಬೇಟೆಯಿದೆ, ನಾಡಿನ ಗಡಿಯಿದೆ. ಆದಕಾರಣ ಅಂಥದೊಂದು ಆಟವನ್ನು ಪಠ್ಯದಂತೆಯೇ ಪರಿಶೀಲಿಸುವುದು ಅಪ್ರಸ್ತುತವಾಗಲಾರದು.

ಇಲ್ಲಿ ವಿಚಾರಕ್ಕೆ ಆರಿಸಿಕೊಂಡಿರುವುದು ‘ಆಡ್‌ವರ್ಲ್ಡ್: ಸ್ಟ್ರೇಂಜರ್ಸ್ ರಾತ್’. ಲಾರ್ನ್ ಲ್ಯಾನಿಂಗ್ ಮತ್ತು ಶೆರಿ ಮೆಕೆನ್ನಾ 1994ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಆಡ್‌ವರ್ಲ್ಡ್ ಇನ್‌ಹ್ಯಾಬಿಟೆಂಟ್ಸ್ ಸಂಸ್ಥೆಯು ಇದನ್ನು 2005ರಲ್ಲಿ ಎಕ್ಸ್‌ಬಾಕ್ಸ್ ಯಂತ್ರಕ್ಕಾಗಿ ಹೊರತಂದಿತು. ಮುಂದೆ ಅದು ಕಂಪ್ಯೂಟರಿಗೂ ಮೊಬೈಲಿಗೂ ಬಂದಿತು. ನಡೆಯುವ ಸ್ಥಳ ಬೇರೊಂದು ಗ್ರಹ. ವೇಷಭೂಷಣ ಮಾತ್ರ ಅಮೆರಿಕದ ಪಶ್ಚಿಮ ಗಡಿನಾಡಿನದು. ಧೂಳಿನ ಬೀದಿ, ಮರದ ಅಂಗಡಿ, ಡಕಾಯಿತರ ತಂಡ, ಅವರ ತಲೆಗೆ ಕಟ್ಟಿದ ಬಹುಮಾನ, ಆ ಬಹುಮಾನಕ್ಕಾಗಿ ಅಲೆಯುವ ಒಂಟಿ ಬೇಟೆಗಾರ, ಇವೆಲ್ಲ ಅಲ್ಲಿವೆ. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯನ್ನು ನೋಡಿದವರಿಗೆ ಈ ಸಾಮಗ್ರಿ ಅಪರಿಚಿತವಲ್ಲ. ಊರಿನ ನಿವಾಸಿಗಳಾದ ಕ್ಲಾಕರರು ಕೋಳಿಯನ್ನು ಹೋಲುವ ಜೀವಿಗಳು. ಅವರ ಅಂಜಿಕೆ, ಜಂಬ, ಅಸಂಬದ್ಧ ಹರಟೆಗಳೇ ಆಟದ ಹಾಸ್ಯದ ಮುಖ್ಯ ಆಧಾರ.

ಆಟದ ಅತ್ಯಂತ ಸ್ವೋಪಜ್ಞವಾದ ಕಲ್ಪನೆಯೆಂದರೆ ಅದರ ಮದ್ದುಗುಂಡು. ಸ್ಟ್ರೇಂಜರನ ಕೈಯಲ್ಲಿ ಬಂದೂಕಿಲ್ಲ, ಅಡ್ಡಬಿಲ್ಲಿದೆ. ಅದರಿಂದ ಹಾರುವುದು ಬಾಣವಲ್ಲ, ಜೀವಂತ ಪ್ರಾಣಿ. ಒಂದು ಜೇಡದ ಬಗೆಯದು, ಶತ್ರುವನ್ನು ಬಲೆಯಲ್ಲಿ ಸುತ್ತುತ್ತದೆ, ಒಂದು ದುರ್ಗಂಧ ಬಿಟ್ಟು ಓಕರಿಕೆ ತರಿಸುತ್ತದೆ, ಮತ್ತೊಂದು ಸ್ಫೋಟಿಸುತ್ತದೆ. ಇವನ್ನು ಆಟಗಾರನು ಕಾಡುಮೇಡುಗಳಲ್ಲಿ ತಾನೇ ಹಿಡಿಯಬೇಕು. ಇವುಗಳಲ್ಲಿ ಚಿಪ್ಪಂಕ್ ಎಂಬ ಅಳಿಲಿನಂಥ ಪ್ರಾಣಿಯು ಬಿದ್ದಲ್ಲಿ ಕುಳಿತು ಶತ್ರುವನ್ನು ಬಾಯಿಗೆ ಬಂದಂತೆ ಹೀಯಾಳಿಸುತ್ತದೆ. ಸಿಟ್ಟಿಗೆದ್ದ ಡಕಾಯಿತನು ತಂಡವನ್ನು ಬಿಟ್ಟು ಅದರ ಬಳಿಗೆ ಬರುತ್ತಾನೆ, ಸೆರೆಯಾಗುತ್ತಾನೆ. ಕನ್ನಡ ವಾಚಕರಿಗೆ ಇಲ್ಲಿ ರನ್ನನ ‘ಗದಾಯುದ್ಧ’ವು ನೆನಪಾಗದಿರದು. ವೈಶಂಪಾಯನ ಸರೋವರದಲ್ಲಿ ಅಡಗಿದ್ದ ದುರ್ಯೋಧನನನ್ನು ಹೊರಕ್ಕೆ ತಂದದ್ದು ಭೀಮನ ಗದೆಯಲ್ಲ, ಅವನ ಮೂದಲೆ. ಮಾತು ಆಯುಧವೆಂಬ ಈ ತತ್ತ್ವವನ್ನು ನಮ್ಮ ಕಾವ್ಯ ವೀರರಸದ ಶಿಖರಕ್ಕೆ ಒಯ್ದಿತು. ಈ ಆಟ ಅದನ್ನು ಹಾಸ್ಯಕ್ಕೆ ಇಳಿಸಿತು. ಆದರೂ ಗುಂಡು ಹಾರಿಸುವುದೇ ಮುಖ್ಯವಾದ ಪ್ರಕಾರದಲ್ಲಿ ಉಪಾಯಕ್ಕೂ ಮಾತಿಗೂ ಸ್ಥಾನ ಕಲ್ಪಿಸಿದ್ದು ಸಾಮಾನ್ಯ ಗುಣವಲ್ಲ.

ಎರಡನೆಯ ಗುಣ ಆರ್ಥಿಕವಾದುದು. ಅಪರಾಧಿಯನ್ನು ಕೊಂದು ತಂದರೂ ಬಹುಮಾನವುಂಟು, ಜೀವಸಹಿತ ತಂದರೆ ಹೆಚ್ಚಿನ ಬಹುಮಾನ. ಆದುದರಿಂದ ಇಲ್ಲಿ ಕರುಣೆಯೂ ಒಂದು ಲೆಕ್ಕಾಚಾರ. ಸ್ಟ್ರೇಂಜರನಿಗೆ ದೊಡ್ಡ ಮೊತ್ತವೊಂದು ಬೇಕಾಗಿದೆ, ಅದು ಶಸ್ತ್ರಚಿಕಿತ್ಸೆಗಾಗಿ ಎಂದಷ್ಟೇ ಮೊದಲು ನಮಗೆ ತಿಳಿಯುತ್ತದೆ. ಯಾರನ್ನು ಏಕೆ ಹಿಡಿಯುತ್ತಿದ್ದೇನೆಂದು ಅವನು ಕೇಳುವುದಿಲ್ಲ. ಅವನ ಮೂಲಕ ಆಡುವ ನಾವೂ ಕೇಳುವುದಿಲ್ಲ. ನಗುನಗುತ್ತ ಜೀವಗಳಿಗೆ ಬೆಲೆ ಕಟ್ಟುವ ಅಭ್ಯಾಸಕ್ಕೆ ಆಟವು ನಮ್ಮನ್ನು ತಂದು ನಿಲ್ಲಿಸುತ್ತದೆ.

ಈ ಅಭ್ಯಾಸ ಕೇವಲ ಪರದೇಶದ್ದೆಂದು ಭಾವಿಸಬೇಕಾಗಿಲ್ಲ. ಹದಿನಾರನೆಯ ಶತಮಾನದ ಆದಿಯಲ್ಲಿ ನಮ್ಮ ಕರಾವಳಿಯೂ ಒಂದು ಗಡಿನಾಡೇ ಆಗಿದ್ದಿತು. ವಿಜಯನಗರಕ್ಕೆ ಬೇಕಾದ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದುವು. ಗೋವೆ ಬಿಜಾಪುರದ ಕೈಯಲ್ಲಿತ್ತು. ಕಡಲಿನಲ್ಲಿ ಪೋರ್ಚುಗೀಸರು ಕಾಣಿಸಿಕೊಂಡಿದ್ದರು. ಈ ಸಂಧಿಯಲ್ಲಿ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬರಹಗಳ ತಿಮೋಜ, ತನ್ನ ಹಡಗುಗಳೊಂದಿಗೆ ನಿಂತಿದ್ದನು. ಕಡಲುಗಳ್ಳನೆಂದೂ ವಿಜಯನಗರದ ಪರವಾದ ನೌಕಾನಾಯಕನೆಂದೂ ಅವನನ್ನು ಎರಡು ಬಗೆಯಾಗಿ ವರ್ಣಿಸಿದ್ದಾರೆ. 1510ರಲ್ಲಿ ಗೋವೆಯ ಮೇಲೆ ಏರಿಹೋಗುವಂತೆ ಅಲ್ಬುಕರ್ಕನಿಗೆ ಸಲಹೆಯಿತ್ತವನು ಇವನೇ. ಆ ಸೇವೆಗೆ ಪ್ರತಿಯಾಗಿ ಗೋವೆಯ ಭೂಮಿಯ ಕಂದಾಯದ ಅಧಿಕಾರ ದೊರೆಯಿತು. ಅದು ಅವನ ಕೈಯಲ್ಲಿ ಬಹುಕಾಲ ನಿಲ್ಲಲಿಲ್ಲ. ಹಣಕ್ಕೂ ಪದವಿಗೂ ದುಡಿಯುವ ಶೂರನನ್ನು ದುಡಿಸಿಕೊಂಡವರು ಕೆಲಸ ಮುಗಿದ ಮೇಲೆ ಅವನನ್ನು ನೆಚ್ಚುವುದಿಲ್ಲ. ಆಟದ ಪೂರ್ವಾರ್ಧ ಈ ಐತಿಹಾಸಿಕ ಸತ್ಯಕ್ಕೆ ಬಲು ಸಮೀಪದಲ್ಲಿದೆ.

ನಡುವೆ ಕಥೆ ತಿರುಗುತ್ತದೆ. ಸ್ಟ್ರೇಂಜರನು ಸ್ಟೀಫ್ ಎಂಬ ಕುಲದವನೆಂದು ಬಯಲಾಗುತ್ತದೆ: ನಾಲ್ಕು ಕಾಲುಗಳ, ಬೇಟೆಗೆ ಸಿಕ್ಕಿ ಬಹುಮಟ್ಟಿಗೆ ನಾಶವಾದ ಕುಲವದು. ಬೂಟುಗಳ ಒಳಗೆ ಅವನು ಮುಚ್ಚಿಟ್ಟದ್ದು ತನ್ನ ಹುಟ್ಟನ್ನೇ. ಶಸ್ತ್ರಚಿಕಿತ್ಸೆ ಬೇಕಾಗಿದ್ದುದು ಹಿಂಗಾಲುಗಳನ್ನು ತೆಗೆಸಿಕೊಳ್ಳುವುದಕ್ಕೆ. ಪರರ ತಲೆಗಳನ್ನು ಮಾರುತ್ತಿದ್ದವನ ತಲೆಗೇ ಈಗ ಬೆಲೆ. ಇದುವರೆಗೆ ನಕ್ಕವನಿಗೆ ಆ ನಗೆಯ ಲೆಕ್ಕ ಒಪ್ಪಿಸುವಂತೆ ಮಾಡಿದ ಈ ತಿರುವು ಆಟದ ಶ್ರೇಷ್ಠ ಭಾಗವೆಂಬುದರಲ್ಲಿ ಸಂದೇಹವಿಲ್ಲ. ಅಮೆರಿಕದ ಇತಿಹಾಸಕಾರ ಫ್ರೆಡರಿಕ್ ಜಾಕ್ಸನ್ ಟರ್ನರನು 1893ರಲ್ಲಿ ಮಂಡಿಸಿದ ಗಡಿನಾಡಿನ ಸಿದ್ಧಾಂತವು ಪಶ್ಚಿಮದಲ್ಲಿದ್ದ ಮುಕ್ತ ಭೂಮಿಯಿಂದಲೇ ಆ ದೇಶದ ಬೆಳವಣಿಗೆಯನ್ನು ವಿವರಿಸಿತು. ಆ ಭೂಮಿಯಲ್ಲಿ ಮೊದಲೇ ಜನರಿದ್ದರೆಂಬುದಕ್ಕೆ ಅಲ್ಲಿ ತಕ್ಕ ಮನ್ನಣೆ ದೊರೆಯಲಿಲ್ಲ. ಈ ಆಟವಾದರೋ ಆ ಜನರನ್ನು ಗ್ರಬ್ ಎಂಬ ಹೆಸರಿನಿಂದ ಮುಂದಕ್ಕೆ ತರುತ್ತದೆ. ಅವರ ನದಿಗೆ ಸೆಕ್ಟೊ ಎಂಬ ಧನಿಕನು ಅಣೆಕಟ್ಟು ಹಾಕಿ ನೀರನ್ನು ತನ್ನದಾಗಿಸಿಕೊಂಡಿದ್ದಾನೆ. ಅವರಿಗೆ ಉಳಿದಿರುವುದು ಬತ್ತಿದ ಪಾತ್ರ.

ಆದರೆ ದೋಷವು ಆರಂಭವಾಗುವುದೂ ಇಲ್ಲಿಂದಲೇ. ಉತ್ತರಾರ್ಧದಲ್ಲಿ ಬಹುಮಾನದ ಲೆಕ್ಕಾಚಾರ ಹಿಂದಕ್ಕೆ ಸರಿಯುತ್ತದೆ; ಹಾಸ್ಯವೂ ಕ್ಷೀಣಿಸುತ್ತದೆ. ಸ್ಟ್ರೇಂಜರನು ಗ್ರಬ್ಬರ ರಕ್ಷಕನಾಗಿ ಸೈನ್ಯಗಳನ್ನು ಮುರಿದು ಸೆಕ್ಟೊನನ್ನು ಎದುರಿಸುತ್ತಾನೆ, ಕಟ್ಟೆ ಒಡೆಯುತ್ತದೆ, ನದಿ ಹರಿಯುತ್ತದೆ. ಅನ್ಯಾಯಕ್ಕೆಲ್ಲ ಒಬ್ಬನೇ ಕಾರಣ, ಪರಿಹಾರಕ್ಕೂ ಒಬ್ಬನೇ ವೀರ. ನೀರು ಕಳೆದುಕೊಂಡವರು ರಕ್ಷಕನ ದಾರಿ ಕಾಯುವುದನ್ನು ಬಿಟ್ಟು ಹೆಚ್ಚಿನದೇನನ್ನೂ ಮಾಡುವುದಿಲ್ಲ. ಆ ನೀರಿನಿಂದ ಪ್ರಯೋಜನ ಪಡೆದ ಊರವರನ್ನು ಕುರಿತು ಆಟ ಒಂದು ಪ್ರಶ್ನೆಯನ್ನೂ ಎತ್ತುವುದಿಲ್ಲ.

ಈ ಪ್ರಶ್ನೆ ಹೊನ್ನಾವರದಲ್ಲಿ ನಿಂತು ನೋಡುವವರಿಗೆ ಬಹಳ ದೊಡ್ಡದು. ಇಲ್ಲಿ ಸಮುದ್ರವನ್ನು ಸೇರುವ ಶರಾವತಿಗೆ ಘಟ್ಟದ ಮೇಲೆ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಸಿದ್ಧವಾಯಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಸಾಮರ್ಥ್ಯ 1035 ಮೆಗಾವಾಟ್. ಕಣಿವೆಯ ಗದ್ದೆ, ತೋಟ, ಮನೆ, ದೇವಸ್ಥಾನಗಳು ನೀರಿನಡಿಗೆ ಹೋದುವು. ‘ಮುಳುಗಡೆ’ ಎಂಬ ಪದ ಮಲೆನಾಡಿನಲ್ಲಿ ಒಂದು ಕಾಲಘಟ್ಟದ ಹೆಸರಾಯಿತು. ಎತ್ತಂಗಡಿಯಾದ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಅರ್ಧ ಶತಮಾನ ಕಳೆದರೂ ಬಗೆಹರಿದಿರಲಿಲ್ಲ. ಇಲ್ಲಿ ಸೆಕ್ಟೊ ಯಾರು? ಕಟ್ಟೆ ಕಟ್ಟಿದ್ದು ಜನರು ಆರಿಸಿದ ಸರ್ಕಾರ. ಉದ್ದೇಶ ನಾಡಿನ ಅಭ್ಯುದಯ. ಬೆಳಕು ಬಂದದ್ದು ನಮ್ಮೆಲ್ಲರ ಮನೆಗೆ. ಈ ಆಟವನ್ನು ಆಡಿಸುವ ಯಂತ್ರವೂ ಅಂಥ ವಿದ್ಯುತ್ತಿನಿಂದಲೇ ನಡೆಯುತ್ತದೆ. ಖಳನಿಲ್ಲದ ಅನ್ಯಾಯಗಳನ್ನು ವಿವರಿಸುವುದು ಇತಿಹಾಸಕಾರನ ಕಠಿನತಮ ಕಾರ್ಯ. ಅಲ್ಲಿ ಫಲಾನುಭವಿಗಳಿದ್ದಾರೆ, ಅವರಲ್ಲಿ ನಾವೂ ಒಬ್ಬರು. ಪೂರ್ವಾರ್ಧದಲ್ಲಿ ಆಟಗಾರನನ್ನೇ ಪಾಲುದಾರನನ್ನಾಗಿ ಮಾಡಿದ ಕೃತಿ, ಉತ್ತರಾರ್ಧದಲ್ಲಿ ಸೆಕ್ಟೊನನ್ನು ಮುಂದಿಟ್ಟು ಅವನನ್ನು ಋಣಮುಕ್ತನನ್ನಾಗಿ ಮಾಡಿಬಿಡುತ್ತದೆ.

ಕುಮಟಾದ ಬಳಿ ಸಮುದ್ರ ಸೇರುವ ಅಘನಾಶಿನಿ ದೊಡ್ಡ ಅಣೆಕಟ್ಟುಗಳಿಲ್ಲದೆ ಹರಿಯುತ್ತಿರುವ ನದಿ. ಅತ್ತ ಶರಾವತಿ ಕಣಿವೆಯಲ್ಲಿ 2000 ಮೆಗಾವಾಟ್ ಸಾಮರ್ಥ್ಯದ ಭೂಗರ್ಭ ವಿದ್ಯುತ್ ಯೋಜನೆಯೊಂದರ ಪ್ರಸ್ತಾಪವು ಇತ್ತೀಚಿನ ವರ್ಷಗಳಲ್ಲಿ ತೀವ್ರ ವಾದವಿವಾದಕ್ಕೆ ವಸ್ತುವಾಗಿದೆ. ಇಂಥ ವಿಷಯಗಳಲ್ಲಿ ಮುಂದೆ ಅಭಿಪ್ರಾಯ ಹೇಳಬೇಕಾದವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವವರೇ. ದುಷ್ಟನೊಬ್ಬನನ್ನು ಹುಡುಕಿ ದ್ವೇಷಿಸುವುದನ್ನಷ್ಟೇ ಅವರು ಕಲಿತರೆ ಲಾಭನಷ್ಟಗಳ ನಿಜವಾದ ಹಂಚಿಕೆ ಅವರಿಗೆ ಕಾಣಿಸದೆ ಹೋದೀತು.

ಆದುದರಿಂದ ‘ಸ್ಟ್ರೇಂಜರ್ಸ್ ರಾತ್’ ತ್ಯಾಜ್ಯವೆಂದು ಈ ಲೇಖಕನ ಅಭಿಪ್ರಾಯವಲ್ಲ. ತನ್ನ ಪ್ರಕಾರದ ಕೃತಿಗಳಲ್ಲಿ ಅದು ಎತ್ತರದ್ದು. ಅದರ ವಿನೋದ ಬುದ್ಧಿಯುಳ್ಳದ್ದು. ಅಧ್ಯಾಪಕರು ಅದನ್ನು ನಿಷೇಧಿಸುವ ಬದಲು ತರಗತಿಯಲ್ಲಿ ಚರ್ಚಿಸುವುದು ಮೇಲು. ಮೊದಲ ಭಾಗವನ್ನು ಆಡಿ ಮುಗಿಸಿದ ವಿದ್ಯಾರ್ಥಿಯನ್ನು, ನೀನು ಹಿಡಿದು ಕೊಟ್ಟವರ ಬೆಲೆಯನ್ನು ನಿಶ್ಚಯಿಸಿದವರು ಯಾರು ಎಂದು ಕೇಳಬೇಕು. ಎರಡನೆಯದನ್ನು ಮುಗಿಸಿದವನನ್ನು, ಕಟ್ಟೆ ಒಡೆದ ಮರುದಿನ ಕೆಳಗಿನ ಊರುಗಳಲ್ಲಿ ಏನಾಯಿತು ಎಂದು ಕೇಳಬೇಕು. ಮೊದಲನೆಯದಕ್ಕೆ ಆಟದೊಳಗೇ ಉತ್ತರದ ಸುಳಿವುಂಟು. ಎರಡನೆಯದಕ್ಕೆ ಉತ್ತರವನ್ನು ಅವನು ಶರಾವತಿಯ ದಂಡೆಯಲ್ಲಿ ಹುಡುಕಬೇಕಾಗುತ್ತದೆ.