ಕಿಜಾಯೆಮೊನ್ ಬಟ್ಟಲು: ಯಾನಗಿಯವರ ಮತದ ವಿಮರ್ಶೆ

ಜಪಾನೀ ಭಾಷೆಯಲ್ಲಿ ಅನ್ನವುಣ್ಣುವ ಬಟ್ಟಲಿಗೂ ಚಹ ಕುಡಿಯುವ ಬಟ್ಟಲಿಗೂ ‘ಚವಾನ್’ ಎಂಬುದೇ ಹೆಸರು. ಅವಯವಾರ್ಥವನ್ನು ಹಿಡಿದರೆ ಅದು ಚಹದ ಬಟ್ಟಲು. ರೂಢಿಯಲ್ಲಿ ಅನ್ನದ ಬಟ್ಟಲಿಗೂ ಸಲ್ಲುವುದು. ಹೆಸರು ಒಂದಾದರೂ ಆಚಾರ ಬೇರೆ. ಮನೆಯಲ್ಲಿ ಒಬ್ಬೊಬ್ಬರಿಗೂ ತಮ್ಮದೇ ಆದ ಅನ್ನದ ಬಟ್ಟಲುಂಟು. ಕೆಲವು ಪ್ರಾಂತಗಳಲ್ಲಿ ಶವವನ್ನು ಹೊರಡಿಸುವಾಗ ಮೃತನ ಬಟ್ಟಲನ್ನು ಒಡೆಯುವ ಪದ್ಧತಿಯೂ ಇದ್ದಿತು. ಚಹದ ಗೋಷ್ಠಿಯಲ್ಲಾದರೋ ಗಟ್ಟಿಯಾಗಿ ಕಲಸಿದ ಚಹವನ್ನು ಅತಿಥಿಗಳೆಲ್ಲರೂ ಒಂದೇ ಬಟ್ಟಲಿನಿಂದ, ಅಂಚನ್ನು ಒರಸಿ ಒರಸಿ, ಕ್ರಮವಾಗಿ ಕುಡಿಯುವುದು ಸಂಪ್ರದಾಯ. ಎಂಜಲಿನ ವಿಷಯದಲ್ಲಿ ನಿಷ್ಠುರರಾದ ನಮ್ಮವರಿಗೆ ಇದು ವಿಚಿತ್ರವಾಗಿ ತೋರಬಹುದು.

ಊಟದ ಬಟ್ಟಲು ಚಹದ ಬಟ್ಟಲಾದುದಕ್ಕೆ ಪರಮೋದಾಹರಣೆಯಾಗಿ ಎತ್ತಿಹೇಳಲ್ಪಡುವುದು ಕ್ಯೋತೋ ನಗರದ ದೈತೊಕುಜಿ ವಿಹಾರಕ್ಕೆ ಸೇರಿದ ಕೋಹೋ-ಆನ್ ಮಠದಲ್ಲಿರುವ ಕಿಜಾಯೆಮೊನ್ ಬಟ್ಟಲು. ಇದು 16ನೆಯ ಶತಮಾನದಲ್ಲಿ ಕೊರಿಯಾದಲ್ಲಿ ಆದುದು. ‘ಇದೋ’ ಎಂಬ ಜಾತಿಗೆ ಸೇರಿದುದು. ಬಾಯಿಯ ಅಗಲ ಸುಮಾರು 15 ಸೆಂಟಿಮೀಟರು. ಬಣ್ಣ ಬಿಲ್ವಫಲದಂತೆ ಮಾಸಲು ಹಳದಿ. ತಿಗರಿಯ ಮೇಲೆ ಬೆರಳು ಎದ್ದ ಗುರುತು ಮೈಮೇಲೆ ಸ್ಪಷ್ಟವಾಗಿದೆ. ಕಾಲಿನ ಬಳಿ ಗಾಜಿನ ಲೇಪವು ಮುದುರಿ ಹನಿಹನಿಯಾಗಿ ನಿಂತಿದೆ. ಹೆಸರು ಓಸಾಕದ ಒಬ್ಬ ವರ್ತಕನದು. ಮುಂದೆ ಮತ್ಸುದೈರಾ ಫುಮೈ ಎಂಬ ಚಹಮರ್ಮಜ್ಞನಾದ ಪ್ರಭುವು ಇದನ್ನು 550 ರ್‍ಯೋ ಕೊಟ್ಟು ಕೊಂಡನೆಂದು ಹೇಳುವರು. ಅವನ ಮರಣಾನಂತರ ಮಠಕ್ಕೆ ಸಂದಿತು. 1951ರಲ್ಲಿ ಜಪಾನ್ ಸರಕಾರವು ಇದನ್ನು ರಾಷ್ಟ್ರನಿಧಿಯೆಂದು ಘೋಷಿಸಿತು.

ಯಾನಗಿ ಮುನೆಯೋಶಿಯವರು (1889-1961) 1931ರಲ್ಲಿ ಇದನ್ನು ಕಣ್ಣಾರೆ ಕಂಡು ಬರೆದ ಪ್ರಬಂಧವು ಪ್ರಸಿದ್ಧವಾಗಿದೆ. ಜನಸಾಮಾನ್ಯರ ಕೈಕಸುಬಿಗೆ ‘ಮಿಂಗೆಯ್’ ಎಂಬ ಹೆಸರು 1925ರಲ್ಲಿ ಹುಟ್ಟಿದುದು ಇವರಿಂದ ಮತ್ತು ಇವರ ಮಿತ್ರರಿಂದ. ಇವರ ಮತದ ಸಾರವಿಷ್ಟು: ಈ ಬಟ್ಟಲು ಬಡವನ ಅನ್ನದ ಪಾತ್ರೆ, ಮಾಡಿದವನಿಗೆ ಸೌಂದರ್ಯದ ಸಂಕಲ್ಪವೇ ಇರಲಿಲ್ಲ, ಆದುದರಿಂದಲೇ ಇದು ಸುಂದರ. ರಾಕು ಬಟ್ಟಲುಗಳಾದರೋ ಸೌಂದರ್ಯವನ್ನು ಬಯಸಿ ಮಾಡಿದವು, ಆದುದರಿಂದ ಹೀನ.

ಇಲ್ಲಿ ಹೇತುವು ಸಾಧ್ಯವನ್ನು ಮುಟ್ಟುವುದಿಲ್ಲ. ಸಂಕಲ್ಪಾಭಾವವೇ ಸೌಂದರ್ಯಕ್ಕೆ ಕಾರಣವಾದರೆ ಅದೇ ಆವಿಗೆಯಲ್ಲಿ ಬೆಂದ ಸಾವಿರ ಬಟ್ಟಲುಗಳೂ ಸಮವಾಗಿ ಸುಂದರವಾಗಬೇಕು. ಚಹದವರು ಆರಿಸಿದುದಾದರೋ ಕೆಲವನ್ನೇ. ಆರಿಸಿದ ಕಣ್ಣಿನ ಮಹಿಮೆಯನ್ನು ಯಾನಗಿಯವರೂ ಮುಕ್ತಕಂಠದಿಂದ ಹೊಗಳುವರು. ಹಾಗಾದರೆ ಬಟ್ಟಲಿನ ಚೆಲುವಿನಲ್ಲಿ ಸಹೃದಯನಿಗೆ ಪಾಲುಂಟೆಂದು ಒಪ್ಪಿದಂತಾಯಿತು. ನಿಸ್ಸಂಕಲ್ಪವೊಂದೇ ಕಾರಣವೆಂಬ ಮಾತು ಅಲ್ಲಿಗೆ ಸಡಿಲಿತು.

ಇದಕ್ಕಿಂತ ಗುರುತರವಾದ ಆಕ್ಷೇಪವೊಂದಿದೆ. ಮಮ್ಮಟನು ಕಾವ್ಯಕ್ಕೆ ಶಕ್ತಿ, ನಿಪುಣತೆ, ಅಭ್ಯಾಸಗಳು ಕೂಡಿಯೇ ಹೇತುವೆನ್ನುವನು. ದಿನಕ್ಕೆ ನೂರಾರು ಬಟ್ಟಲು ತಿರುವಿದ ಕುಂಬಾರನ ಕೈ ಯೋಚಿಸದೆ ನಡೆಯುವುದು ಅಭ್ಯಾಸಪರಿಪಾಕದಿಂದ, ಅಜ್ಞಾನದಿಂದಲ್ಲ. ವೇದಪಾಠಿಯು ಜಟೆ ಘನಗಳನ್ನು ತಡೆಯಿಲ್ಲದೆ ಹೇಳುವಾಗ ಅವನಿಗೆ ಏನೂ ತಿಳಿಯದೆಂದು ಯಾರೂ ಹೇಳರು. ಕೊರಿಯಾದ ಕುಂಬಾರನನ್ನು ಮುಗ್ಧನೆಂದು ಹೊಗಳುವುದು ಅವನ ವಿದ್ಯೆಯನ್ನು ಕಸಿದು ಮಾಲೆ ಹಾಕಿದಂತೆ. ಹಿದೆಯೋಶಿಯ 1592-98ರ ದಂಡಯಾತ್ರೆಗಳಲ್ಲಿ ಜಪಾನೀ ಪ್ರಭುಗಳು ಆ ಕುಂಬಾರರನ್ನು ಹಿಡಿದೊಯ್ದು ತಮ್ಮ ಸೀಮೆಗಳಲ್ಲಿ ನೆಲೆಗೊಳಿಸಿದುದು ಇತಿಹಾಸಸಿದ್ಧ. ಹಾಗಿ, ಸತ್ಸುಮಾ, ಅರಿತಾ ಆವಿಗೆಗಳು ಅವರಿಂದ ಬೆಳೆದವು. ಅವರು ಮಾಡಿದುದು ಮುಗ್ಧರ ಕೆಲಸವಾಗಿದ್ದರೆ ಅಷ್ಟು ಪ್ರಯಾಸಕ್ಕೆ ಕಾರಣವೇನು?

ರಾಕುವಿನ ವಿಷಯದಲ್ಲಿಯೂ ಯಾನಗಿಯವರ ತೀರ್ಪು ಅತಿಕಠಿನ. ರಿಕ್ಯೂವಿನ (1522-1591) ಅಭಿಪ್ರಾಯವನ್ನನುಸರಿಸಿ ಚೋಜಿರೋ ಮಾಡಿದ ಬಟ್ಟಲುಗಳು ತಿಗರಿಯನ್ನು ಬಿಟ್ಟು ಕೈಯಲ್ಲಿಯೇ ರೂಪಿಸಿ ಕತ್ತಿಯಿಂದ ಹೆರೆದವು. ದಪ್ಪವಾದ ಮೆದುಗೋಡೆಯು ಬಿಸಿಯನ್ನು ಅಂಗೈಗೆ ಮೆಲ್ಲನೆ ಬಿಡುವುದು. ಕಪ್ಪು ಒಡಲಿನಲ್ಲಿ ಚಹದ ಹಸುರು ಎದ್ದುಕಾಣುವುದು. ಇಲ್ಲಿ ಸಂಕಲ್ಪವಿದೆ, ನಿಜ. ಅದು ಕುಡಿಯುವವನ ಕೈಯನ್ನು ಕುರಿತ ಸಂಕಲ್ಪ. ಉಪಯೋಗವನ್ನೇ ಪ್ರಮಾಣವಾಗಿ ಸಾರಿದವರು ಇದನ್ನು ದೋಷವೆನ್ನುವುದು ಸ್ವಮತವಿರೋಧ. ಚೋಜಿರೋವಿನ ಅನಂತರ ಬಂದ ಕೆಲವರು ವಕ್ರತೆಯನ್ನೇ ಬೇಕೆಂದು ತಂದುದು ಬೇರೆ ಮಾತು. ಅಲ್ಲಿ ಯಾನಗಿಯವರ ನಿಂದೆ ಸಲ್ಲುವುದು.

ಇನ್ನು, ಇದೋ ಬಟ್ಟಲುಗಳು ಅನ್ನದ ಪಾತ್ರೆಗಳೇ ಅಲ್ಲ, ಪಿತೃಕಾರ್ಯಾದಿಗಳಲ್ಲಿ ಬಳಸಿದವೆಂದು ಇತ್ತೀಚಿನ ಕೆಲವು ಸಂಶೋಧಕರು ವಾದಿಸಿರುವರು. ವಿವಾದವು ಇನ್ನೂ ತೀರಿಲ್ಲ. ಅವರ ಪಕ್ಷವೇ ಸ್ಥಿರಪಟ್ಟರೆ ಬಡವನ ಬಟ್ಟಲೆಂಬ ಯಾನಗಿಯವರ ಪೀಠಿಕೆಯು ಬೀಳುವುದು. ಕೋಹೋ-ಆನ್‌ನಲ್ಲಿ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಿಂದ ಹೊರತೆಗೆದಾಗ ಅವರು ಕಂಡುದರ ವರ್ಣನೆಯು ಮಾತ್ರ ಹಾಗೆಯೇ ನಿಲ್ಲುವುದು.