ನಿಯಮ ಮೀರದ ನಗು

ಬೈಪಾಸ್ ರಸ್ತೆಗಾಗಿ ಆರ್ಥರ್ ಡೆಂಟ್‌ನ ಮನೆ ಕೆಡವಲು ಬುಲ್ಡೋಜರ್ ಬಂದು ನಿಂತಿದೆ. ನಕ್ಷೆ ಪ್ರಕಟವಾಗಿತ್ತಲ್ಲ, ಆಗಲೇ ಯಾಕೆ ತಕರಾರು ಸಲ್ಲಿಸಲಿಲ್ಲ ಎಂದು ಕೇಳುತ್ತಾನೆ ಅಧಿಕಾರಿ. ಪ್ರಕಟವಾದದ್ದು ನೆಲಮಾಳಿಗೆಯಲ್ಲಿ, ಹಾಳುಬಿದ್ದ ಶೌಚಾಲಯದೊಳಗೆ, ಬೀಗ ಹಾಕಿದ ಬೀರುವಿನ ತಳದಲ್ಲಿ. ಸ್ವಲ್ಪ ಹೊತ್ತಿಗೆ ಆಕಾಶದಲ್ಲಿ ವೋಗನ್ನರೆಂಬ ಅನ್ಯಲೋಕದವರ ನೌಕೆಗಳು ಕಾಣಿಸಿಕೊಂಡು ಭೂಮಿಯನ್ನೇ ಕೆಡವುತ್ತವೆ. ಕಾರಣ ಅದೇ, ಬೈಪಾಸ್. ಇಲ್ಲಿ ನಕ್ಷೆಯನ್ನು ಆಲ್ಫಾ ಸೆಂಟಾರಿಯ ಕಚೇರಿಯಲ್ಲಿ 50 ವರ್ಷ ತೂಗುಹಾಕಿದ್ದರಂತೆ. ಬೆಳಕಿಗೇ ಅಲ್ಲಿಗೆ ನಾಲ್ಕು ವರ್ಷ ದಾರಿ. ಬೆಳಕಿನ ಲೆಕ್ಕದಲ್ಲಿ ನೋಡಿದರೆ ಗಡುವು ಧಾರಾಳವಾಗಿಯೇ ಇತ್ತು!

ಡಗ್ಲಾಸ್ ಆಡಮ್ಸ್ 1978ರಲ್ಲಿ ಬಿಬಿಸಿ ರೇಡಿಯೋಗೆ ಬರೆದು ಮರುವರ್ಷ ಕಾದಂಬರಿಯಾಗಿಸಿದ ಈ ಕಥೆ, 'ದಿ ಹಿಚ್‌ಹೈಕರ್ಸ್ ಗೈಡ್ ಟು ದಿ ಗ್ಯಾಲಕ್ಸಿ' ಇಷ್ಟು ಜನರನ್ನು ಹಿಡಿದಿಟ್ಟದ್ದು ವಿಚಿತ್ರ ಹೆಸರುಗಳಿಂದಲ್ಲ. ಅಲ್ಲಿ ಯಾರೂ ನಿಯಮ ಮೀರುವುದಿಲ್ಲ. ನಿಯಮವನ್ನು ಅಕ್ಷರಶಃ ಪಾಲಿಸುತ್ತ ಹೋದರೆ ಅದು ಎಲ್ಲಿಗೆ ಮುಟ್ಟುತ್ತದೋ ಅಲ್ಲಿ ನಗು ಹುಟ್ಟುತ್ತದೆ. ಒಳ್ಳೆಯ ಹಾಸ್ಯ ವಿಜ್ಞಾನ ಕಾದಂಬರಿ ಗಂಭೀರ ವಿಜ್ಞಾನ ಕಾದಂಬರಿಗಿಂತ ಹೆಚ್ಚು ಕಟ್ಟುನಿಟ್ಟಿನದು ಎಂದು ನಾನು ಹೇಳುವುದು ಇದಕ್ಕೇ.

ಆಡಮ್ಸ್‌ಗಿಂತ ಮೊದಲೇ ಈ ಹಾದಿ ಸವೆದಿತ್ತು. ರಾಬರ್ಟ್ ಶೆಕ್ಲಿಯ 'ಡೈಮೆನ್ಷನ್ ಆಫ್ ಮಿರಾಕಲ್ಸ್' (1968) ಕಾದಂಬರಿಯ ಕಾರ್ಮಡಿಗೆ ಬ್ರಹ್ಮಾಂಡದ ಲಾಟರಿ ಹೊಡೆಯುತ್ತದೆ. ಬಹುಮಾನ ಪಡೆಯಲು ಕರೆದೊಯ್ದವರಿಗೆ ವಾಪಸು ಕಳಿಸುವ ವಿಳಾಸವೇ ಗೊತ್ತಿಲ್ಲ. ಹ್ಯಾರಿ ಹ್ಯಾರಿಸನ್ 'ಬಿಲ್, ದಿ ಗ್ಯಾಲಕ್ಟಿಕ್ ಹೀರೋ'ದಲ್ಲಿ (1965) ವಿಜ್ಞಾನ ಕಾದಂಬರಿಕಾರ ಹೈನ್‌ಲೈನ್‌ನ ಸೈನಿಕ ವೈಭವವನ್ನು ಗೇಲಿ ಮಾಡಿದ. ಅದು ಗೇಲಿಯಾಗಿ ಚೆಂದ, ಕಾದಂಬರಿಯಾಗಿ ತೆಳು.

ಇವರೆಲ್ಲರಿಗಿಂತ ಒಂದು ಕೈ ಮೇಲು ಪೋಲೆಂಡಿನ ಸ್ಟಾನಿಸ್ಲಾವ್ ಲೆಮ್. 'ದಿ ಸ್ಟಾರ್ ಡೈರೀಸ್' ಕಥಾಮಾಲೆಯ ಏಳನೆಯ ಯಾನದಲ್ಲಿ ಇಯೋನ್ ಟಿಖಿಯ ನೌಕೆಯ ಚುಕ್ಕಾಣಿ ಕೆಟ್ಟಿದೆ. ಬೋಲ್ಟನ್ನು ಒಬ್ಬ ಹಿಡಿಯಬೇಕು, ನಟ್ಟನ್ನು ಇನ್ನೊಬ್ಬ ಬಿಗಿಯಬೇಕು; ನೌಕೆಯಲ್ಲಿರುವುದು ಅವನೊಬ್ಬನೇ. ನೌಕೆ ಗುರುತ್ವದ ಸುಳಿಗೆ ಸಿಕ್ಕಿ ಕಾಲ ಗಂಟುಬಿದ್ದಾಗ ನಾಳಿನ ಟಿಖಿ ಬಂದು ಇಂದಿನ ಟಿಖಿಯನ್ನು ಎಬ್ಬಿಸುತ್ತಾನೆ. ಇವನು ಕನಸೆಂದುಕೊಂಡು ಮಗ್ಗುಲಾಗುತ್ತಾನೆ. ಮರುದಿನ ಅದೇ ಜಾಗದಲ್ಲಿ ನಿಂತು ಮಲಗಿದವನನ್ನು ಬೈಯುವ ಸರದಿ ಇವನದು. ಆಮೇಲೆ ವಾರದ ಎಲ್ಲ ದಿನಗಳ ಟಿಖಿಗಳೂ ಒಟ್ಟುಗೂಡುತ್ತಾರೆ, ಚಾಕಲೇಟಿಗಾಗಿ ಹೊಡೆದಾಟವಾಗುತ್ತದೆ, ಸಭೆ ಸೇರುತ್ತದೆ. ದೊಡ್ಡವರ ವಾಗ್ವಾದ ಮುಗಿಯುವುದರೊಳಗೆ ಬಾಲಕ ಟಿಖಿಗಳಿಬ್ಬರು ಚುಕ್ಕಾಣಿ ಸರಿಮಾಡಿ ಬಂದಿರುತ್ತಾರೆ. ತನ್ನ ಜತೆಗೇ ಒಮ್ಮತಕ್ಕೆ ಬರಲಾಗದ ಮನುಷ್ಯನನ್ನು ತೋರಿಸಲು ಕಾಲಯಾನದ ಕಲ್ಪನೆಯನ್ನು ಹೀಗೆ ದುಡಿಸಿದ ಬೇರೊಬ್ಬ ಲೇಖಕ ನನಗೆ ಗೊತ್ತಿಲ್ಲ.

ಆದರೆ ಇದು ಸಣ್ಣಕಥೆ. ಕಾದಂಬರಿಯ ಉದ್ದಕ್ಕೆ ಎಳೆದರೆ ಈ ಪರಂಪರೆ ಏದುಸಿರು ಬಿಡುತ್ತದೆ, ಆಡಮ್ಸ್ ಕೂಡ ಇದಕ್ಕೆ ಹೊರತಲ್ಲ. ಚಿತ್ರೀಕರಣವಾಗದೆ ಉಳಿದ 'ಡಾಕ್ಟರ್ ಹೂ' ಟಿವಿ ಸರಣಿಯ ಕಥೆಯೊಂದನ್ನು ಹಿಗ್ಗಿಸಿ ಅವನು 'ಗೈಡ್' ಮಾಲೆಯ ಮೂರನೆಯ ಸಂಪುಟ (1982) ಕಟ್ಟಿದ. ಕ್ರಿಕೆಟ್ಟಿನ ವಿಕೆಟ್ಟೇ ಬ್ರಹ್ಮಾಂಡ ಯುದ್ಧದ ನೆನಪು ಎಂಬ ಜೋಕು ಮೊದಲ ಸಲ ನಗಿಸುತ್ತದೆ. ಮುಂದೆ ಪುಟಗಟ್ಟಲೆ ಅದನ್ನು ಹೊತ್ತು ನಡೆಯುವ ಕೆಲಸ ಓದುಗನದು. ಆಡಮ್ಸ್‌ನ ಅನುಕರಣೆಗೆ ಇಳಿದವರಂತೂ ಏನು ಬೇಕಾದರೂ ನಡೆಯುತ್ತದೆ ಎಂದುಕೊಂಡರು. ಏನು ಬೇಕಾದರೂ ನಡೆಯುವ ಲೋಕದಲ್ಲಿ ಯಾವುದಕ್ಕೆ ನಗುವುದು?

ಉದ್ದವನ್ನು ತಾಳಿಕೊಳ್ಳಲು ನಗುವಿನ ಅಡಿಯಲ್ಲಿ ದುಃಖವೂ ಬೇಕು. ಭೂಮಿ ಹೋಯಿತೆಂಬುದು ಆರ್ಥರ್‌ನ ತಲೆಗೆ ಹತ್ತುವುದೇ ಇಲ್ಲ. ಅಮೆರಿಕ, ನ್ಯೂಯಾರ್ಕ್ ಎಂದು ನೆನೆದರೂ ಏನೂ ಅನಿಸುವುದಿಲ್ಲ. ಮೆಕ್‌ಡೊನಾಲ್ಡ್ಸ್ ಹ್ಯಾಂಬರ್ಗರ್ ಇನ್ನಿಲ್ಲ ಎಂದು ಹೊಳೆದಾಗ ಮೂರ್ಛೆ ಹೋಗುತ್ತಾನೆ. ಆಡಮ್ಸ್ ಅಂಥ ಕಡೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಕರ್ಟ್ ವಾನಗಟ್ ನಿಂತ. 'ದಿ ಸೈರೆನ್ಸ್ ಆಫ್ ಟೈಟನ್' (1959) ಪ್ರಕಾರ ಮನುಕುಲದ ಇತಿಹಾಸ ನಡೆದದ್ದೇ ಶನಿಯ ಉಪಗ್ರಹ ಟೈಟನ್‌ನಲ್ಲಿ ಕೆಟ್ಟು ನಿಂತ ನೌಕೆಗೊಂದು ಬಿಡಿಭಾಗ ತಲುಪಿಸಲು. ಅದನ್ನು ಒಬ್ಬ ಹುಡುಗ ಅದೃಷ್ಟದ ತಾಯತವೆಂದು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿರುತ್ತಾನೆ. ಹುಡುಗನ ತಂದೆತಾಯಿಗೆ ಈ ಗುಟ್ಟು ತಿಳಿದ ಮೇಲೂ ಟೈಟನ್‌ನಲ್ಲೇ ಬದುಕಿ ಮುದುಕರಾಗುವುದು ಬಾಕಿಯಿರುತ್ತದೆ, ವಾನಗಟ್ ಅದನ್ನೂ ಬರೆಯುತ್ತಾನೆ.